340 ರೂಪಾಯಿಯ ಟೈಮರ್, ಒಂದು ಮಳೆಗಾಲ ಕಳೆದ ಮೇಲೆ

ಇಡ್ಲಿ ತಟ್ಟೆಗಳಿಗೂ ಒತ್ತುಶಾವಿಗೆಯ ಒರಳಿಗೂ ನಡುವೆ ಧೂಳು ಹಿಡಿದು ಕುಳಿತಿತ್ತು. ಬಿಳಿ ಪ್ಲಾಸ್ಟಿಕ್ ಮೈ, ಅಂಗೈಯಷ್ಟು ಅಗಲ, ಮುಖದ ಸುತ್ತ ಸೊನ್ನೆಯಿಂದ 55ರವರೆಗೆ ಐದೈದರ ಅಂಕಿಗಳು, ಬೆನ್ನಿಗೊಂದು ಅಯಸ್ಕಾಂತ. ಬ್ಯಾಟರಿ ಇಲ್ಲ, ಪರದೆ ಇಲ್ಲ, ಕಂಪನಿಯ ಹೆಸರೂ ಇಲ್ಲ. ವಿರಾಜಪೇಟೆಯಲ್ಲಿ ಅಂದು ಬುಧವಾರದ ಸಂತೆ, ನನ್ನ ಎರಡೂ ಕೈಯಲ್ಲಿ ತರಕಾರಿ ಚೀಲ. ಇದು ಏತಕ್ಕೆ ಎಂದು ಕೇಳಿದರೆ ಪಾತ್ರೆ ಅಂಗಡಿಯ ಹುಡುಗ, ‘ಕೇಕ್ ಮಾಡುವವರು ತೆಗೆದುಕೊಂಡು ಹೋಗುತ್ತಾರೆ ಅಕ್ಕ’ ಎಂದ. 380 ಹೇಳಿದ್ದನ್ನು 340ಕ್ಕೆ ಇಳಿಸಿ ತಂದೆ.

ನಾನು ಕೇಕ್ ಮಾಡುವವಳಲ್ಲ. ಹಳೆಯ ಜಮೀನು ಪತ್ರಗಳನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ತಂದು ವಕೀಲರಿಗೆ ಕೊಡುವುದು ನನ್ನ ಕಸುಬು. ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಈ ಕೀಲಿ ಟೈಮರನ್ನು ಭಾನುವಾರ ಬಿಟ್ಟು ದಿನವೂ ಬಳಸಿದ್ದೇನೆ. ತಲೆ ಬಿಸಿಯಾಗುವ ಕೆಲಸಕ್ಕೆ ಕುಳಿತುಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರುತ್ತದೆಯೇ ಎಂಬುದಷ್ಟೇ ಇಲ್ಲಿನ ಮಾತು. ಕೇಕಿನ ವಿಚಾರ ಬೇರೆಯವರು ಬರೆಯಲಿ.

ಕೊಳ್ಳುವ ಹಿಂದಿನ ವಾರ ನನ್ನಿಂದ ಒಂದು ತಪ್ಪಾಗಿತ್ತು. ವಿಭಾಗ ಪತ್ರವೊಂದರ ಷೆಡ್ಯೂಲಿನಲ್ಲಿ ಸರ್ವೆ ನಂಬರ್ 119/2 ಇದ್ದದ್ದನ್ನು 191/2 ಎಂದು ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕಳುಹಿಸಿಬಿಟ್ಟಿದ್ದೆ. ವಕೀಲರು ಫೋನ್ ಮಾಡಿ, ‘ಮೇಡಂ, ಅಣ್ಣನಿಗೆ ಊರಾಚೆಯ ಗುಡ್ಡ ಬರೆದುಕೊಟ್ಟಿದ್ದೀರಲ್ಲ’ ಎಂದು ನಕ್ಕರು. ನ್ಯಾಯಾಲಯಕ್ಕೆ ಹೋಗುವ ಮೊದಲೇ ಸಿಕ್ಕಿತು, ಬಚಾವಾದೆ. ಆದರೆ ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ನಂಬರ್ ಹಿಂದುಮುಂದಾದದ್ದು ಅದೇ ಮೊದಲು. ರಾತ್ರಿ ಕುಳಿತು ನೆನಪು ಮಾಡಿಕೊಂಡೆ: ಆ ಪುಟ ಮಾಡುವಾಗ ಏನು ನಡೆದಿತ್ತು? ಏನೂ ನಡೆದಿರಲಿಲ್ಲ. ಗಂಟೆ ಎಷ್ಟಾಯಿತು ಎಂದು ಮೊಬೈಲ್ ನೋಡಿದ್ದೆ. ಅಷ್ಟೇ.

ಈ ಕೆಲಸದ ಕಷ್ಟ ಎಲ್ಲಿದೆ ಎಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಒಂದು ಟೈಮರಿಗೆ ಇಷ್ಟು ರಾಮಾಯಣವೇ ಎನ್ನಿಸುತ್ತದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಮಾಡಿಕೊಂಡ ಮೇಲೆ, 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರುವವರೆಗಿನ ಅವಧಿಯ ಎಷ್ಟೋ ಪತ್ರಗಳು ಇಂಗ್ಲಿಷ್‌ನಲ್ಲಿವೆ. ಜಮ್ಮಾ, ಸಾಗು, ಉಂಬಳಿ, ಬಾಣೆ ಎಂಬ, ಜಮೀನಿನ ಬಗೆ ಹೇಳುವ ನಮ್ಮ ಕೊಡಗಿನ ಮಾತುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬ ಗುಮಾಸ್ತ ಒಂದೊಂದು ರೀತಿ ಬರೆದಿರುತ್ತಾನೆ. ಅದು ರೂಢಿಯಾಗುತ್ತದೆ. ರೂಢಿಯಾಗದ್ದು ವಾಕ್ಯ. ಒಂದು ಪುಟಕ್ಕೆ ಒಂದೇ ಪೂರ್ಣವಿರಾಮ. ಇಂಗ್ಲಿಷ್‌ನಲ್ಲಿ ‘ಕೊಟ್ಟಿದ್ದಾನೆ’ ಎಂಬುದು ಎರಡನೆಯ ಸಾಲಿಗೇ ಬಂದುಬಿಡುತ್ತದೆ. ಯಾರಿಗೆ, ಯಾವ ಷರತ್ತಿಗೆ, ಯಾವ ಮರಗಳನ್ನು ಹೊರತುಪಡಿಸಿ, ಯಾವ ತೋಡಿನ ನೀರಿನ ಹಕ್ಕನ್ನು ಉಳಿಸಿಕೊಂಡು ಎಂಬ ಬಾಲ ಅದರ ಹಿಂದೆ ಹದಿನೈದು ಸಾಲು ಹರಿಯುತ್ತದೆ. ಕನ್ನಡದಲ್ಲಿ ಆ ಬಾಲವೆಲ್ಲ ಮೊದಲು ಬರಬೇಕು, ‘ಕೊಟ್ಟಿದ್ದಾನೆ’ ಕಟ್ಟಕಡೆಗೆ. ಅಂದರೆ ಮೊದಲ ಪದ ಬರೆಯುವ ಮೊದಲೇ ಇಡೀ ವಾಕ್ಯವನ್ನು ತಲೆಯ ಮೇಲೆ ಹೊತ್ತುಕೊಂಡು ನಿಂತಿರಬೇಕು. ತುಂಬಿದ ಕೊಡ. ಯಾರಾದರೂ ‘ಅಕ್ಕಾ’ ಎಂದರೆ ಸಾಕು, ಚೆಲ್ಲಿತು. ಮತ್ತೆ ಮೊದಲ ಸಾಲಿನಿಂದ ತುಂಬಿಸಬೇಕು.

ನನ್ನ ಮಗಳು ಮೈಸೂರಿನಲ್ಲಿ ಮನಃಶಾಸ್ತ್ರ ಓದುತ್ತಾಳೆ. ಅವಳ ಪ್ರಕಾರ ಕೊಡ ಚಿಕ್ಕದಿರುವುದು ನನ್ನ ತಪ್ಪಲ್ಲ. ಜಾರ್ಜ್ ಮಿಲ್ಲರ್ ಎಂಬವರು 1956ರಲ್ಲಿ ಮನುಷ್ಯನ ತಲೆ ಒಮ್ಮೆಗೆ ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ, ಸಂಗತಿಗಳನ್ನು ಹಿಡಿಯುತ್ತದೆ ಎಂದರು. 2001ರಲ್ಲಿ ನೆಲ್ಸನ್ ಕೊವಾನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ನಾಲ್ಕು! ಚಕ್ಕುಬಂದಿಯ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಕ್ಕೇ ಅದು ಮುಗಿಯಿತು. ಗಂಟೆ ಎಷ್ಟು ಎಂಬ ಐದನೆಯದಕ್ಕೆ ಜಾಗ ಎಲ್ಲಿದೆ?

ಹಾಗಾದರೆ ಮೊಬೈಲನ್ನು ಆರಿಸಿಬಿಟ್ಟರೆ ಆಗದೇ ಎಂದು ಕೇಳುವವರು ಇಲ್ಲಿನ ಮಳೆಗಾಲ ನೋಡಿಲ್ಲ. ಜುಲೈಯಲ್ಲಿ ಕರೆಂಟ್ ಹೋಗಿ ಎರಡು ದಿನವಾದರೆ ಟವರೂ ಮಲಗುತ್ತದೆ. ಫೋನಿಲ್ಲ, ವಾಟ್ಸಾಪ್ ಇಲ್ಲ, ಯಾರೂ ಕರೆಯುವಂತಿಲ್ಲ. ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಿನ ಬೇಕೇ? ಆದರೆ ಅಂಥ ದಿನಗಳಲ್ಲಿಯೇ ನಾನು ಅತಿ ಹೆಚ್ಚು ಸಲ ಮೊಬೈಲ್ ಎತ್ತಿ ನೋಡುತ್ತಿದ್ದೆ: ನೆಟ್‌ವರ್ಕ್ ಬಂತೇ? ಚಾರ್ಜ್ ಎಷ್ಟಿದೆ? ಟಾರ್ಚಿಗೆ ಉಳಿಯುತ್ತದೆಯೇ? ಕೆಲಸ ಕೆಡಿಸಲು ಫೋನ್ ಬಡಿದುಕೊಳ್ಳಬೇಕೆಂದೇನೂ ಇಲ್ಲ, ಮೇಜಿನ ಮೇಲೆ ಸತ್ತು ಬಿದ್ದಿದ್ದರೂ ಸಾಕು. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದ್ದರಂತೆ. ಸದ್ದಡಗಿಸಿದ ಫೋನನ್ನು ಪಕ್ಕದ ಕೋಣೆಯಲ್ಲಿ ಬಿಟ್ಟು ಬಂದವರು ಮೇಜಿನ ಮೇಲೆ ಮಗುಚಿಟ್ಟವರಿಗಿಂತ ಲೆಕ್ಕ ಮತ್ತು ನೆನಪಿನ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರು. ‘ಆಮೇಲಿನ ಕೆಲವು ಮರುಪರೀಕ್ಷೆಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ ಅಮ್ಮ, ಪೂರ್ತಿ ನಂಬಬೇಡ’ ಎಂದೂ ಮಗಳು ಸೇರಿಸಿದಳು. ನನಗೆ ಅಮೆರಿಕದ ಪುರಾವೆ ಬೇಕಿರಲಿಲ್ಲ, 191/2 ಇತ್ತು. ತೊಡಕು ಒಂದೇ: ಫೋನನ್ನು ಅಡುಗೆಮನೆಯಲ್ಲಿ ಬಿಟ್ಟರೆ ಸಮಯ ತಿಳಿಯುವುದಿಲ್ಲ, ಸಮಯ ತಿಳಿಯದಿದ್ದರೆ ಅದನ್ನು ನೋಡಲೆಂದೇ ಏಳುತ್ತೇನೆ. ಗೋಡೆ ಗಡಿಯಾರವಿದ್ದರೂ ಕತ್ತೆತ್ತಿ ಲೆಕ್ಕ ಹಾಕಬೇಕು: ಹತ್ತೂ ಹತ್ತಕ್ಕೆ ಕುಳಿತೆ, ಈಗ ಹತ್ತೂ ಮುಕ್ಕಾಲು, ಅಂದರೆ... ಕೊಡ ಚೆಲ್ಲಿತು.

ಟೈಮರ್ ಮಾಡುವುದು ಇಷ್ಟೇ, ಆ ಐದನೆಯ ಸಂಗತಿಯನ್ನು ತಾನು ಹೊತ್ತುಕೊಳ್ಳುತ್ತದೆ.

ಕೀಲಿ ಕೊಡುವ ಕ್ರಮ ಅಂಗಡಿಯವರಿಗೂ ಗೊತ್ತಿರಲಿಲ್ಲ, ಹಾಗಾಗಿ ಬರೆಯುತ್ತೇನೆ. ಮುಖವನ್ನು ಮೊದಲು ಕೊನೆಯವರೆಗೆ, 55ರ ಆಚೆಗೆ, ಪೂರ್ತಿ ತಿರುಗಿಸಬೇಕು. ಆಮೇಲೆ ಬೇಕಾದ ನಿಮಿಷಕ್ಕೆ ಮೆಲ್ಲಗೆ ಹಿಂದಕ್ಕೆ ತರಬೇಕು. ನೇರವಾಗಿ ಹತ್ತಕ್ಕೆ ತಿರುಗಿಸಿ ಬಿಟ್ಟರೆ ಸ್ಪ್ರಿಂಗಿಗೆ ಸಾಕಷ್ಟು ಬಿಗಿ ಸಿಗದೆ ದಾರಿಯಲ್ಲೇ ನಿಂತುಬಿಡುತ್ತದೆ, ಇಲ್ಲವೇ ಸೊನ್ನೆ ಮುಟ್ಟಿಯೂ ಗಂಟೆ ಬಾರಿಸುವುದಿಲ್ಲ. ತಿರುಗಿಸುವಾಗ ಬೆರಳಿಗೆ ಹಲ್ಲು ಹಲ್ಲಾಗಿ ಸಿಗುವ ಆ ಬಿಗಿ ನನಗೆ ಇಷ್ಟ. ಒರಳಿನ ಹಿಡಿ ತಿರುಗಿಸಿದ ಹಾಗೆ, ಇನ್ನು ಕೆಲಸ ಶುರುವಾಯಿತು ಎಂದು ಕೈಗೆ ತಿಳಿಯುತ್ತದೆ. ಬಿಟ್ಟ ಮೇಲೆ ಮುಖವೇ ಮೆಲ್ಲಗೆ ಹಿಂದಿರುಗುತ್ತಾ ಬರುತ್ತದೆ. ಎಷ್ಟು ಉಳಿದಿದೆ ಎಂಬುದಕ್ಕೆ ಲೆಕ್ಕ ಬೇಡ, ಮುಳ್ಳಿನ ಗುರುತಿನ ಎದುರಿಗಿರುವ ಅಂಕಿಯೇ ಉತ್ತರ.

ಈ ವಸ್ತುವಿನ ಹೆಸರಿನಲ್ಲಿ ಒಂದು ಪಂಥವೇ ಇದೆ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಓದಲು ಮನಸ್ಸಿಲ್ಲದೆ, ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಕುಳಿತ. 25 ನಿಮಿಷ ಕೆಲಸ, ಐದು ನಿಮಿಷ ಬಿಡುವು. ಇಟಲಿಯ ಭಾಷೆಯಲ್ಲಿ ಟೊಮ್ಯಾಟೊಗೆ ಪೊಮೊಡೊರೊ ಎನ್ನುತ್ತಾರೆ, ಅದೇ ಪದ್ಧತಿಯ ಹೆಸರಾಯಿತು. ನಾನೂ ಭಕ್ತಿಯಿಂದ 25ರಲ್ಲೇ ಶುರುಮಾಡಿದೆ. ನನ್ನ ಕೆಲಸಕ್ಕೆ ಅದು ಶುದ್ಧ ಉಪದ್ರವ. ಒಂದು ವಾಕ್ಯವನ್ನು ಪೂರ್ತಿ ತಲೆಗೆ ತುಂಬಿಸಲು ಹತ್ತು ಹನ್ನೆರಡು ನಿಮಿಷ ಬೇಕು. ಬರೆಯತೊಡಗಿ, ‘ಸದರಿ ಬಾಣೆಯ ಮೇಲಿನ’ ಎಂಬಲ್ಲಿಗೆ ಬಂದಾಗ ಟ್ರಿಣ್ ಎಂದರೆ ಯಾರಿಗೆ ಹೇಳುವುದು? ಎರಡು ವಾರದ ನಂತರ 50ಕ್ಕೆ ಏರಿಸಿದೆ. ಸರಿಹೋಯಿತು.

ಆದರೆ ಇದೇ 25 ನಿಮಿಷ ಇನ್ನೊಂದು ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅನುವಾದ ಮುಗಿದ ಮೇಲೆ ತಾಳೆ ನೋಡುವುದು ಎಂದಿದೆ: ಎಡಗಡೆ ಮೂಲ, ಬಲಗಡೆ ನನ್ನ ಪ್ರತಿ, ಸರ್ವೆ ನಂಬರ್, ಎಕರೆ, ಸೆಂಟ್ಸ್, ತಾರೀಖು, ಒಂದೊಂದಾಗಿ ಬೆರಳಿಟ್ಟು ನೋಡುತ್ತಾ ಹೋಗುವುದು. ಇಲ್ಲಿ ತಲೆಯ ಮೇಲೆ ಕೊಡವಿಲ್ಲ. ಇರುವುದು ಬೇಸರ. ಎಲ್ಲವೂ ಸರಿಯಾಗಿಯೇ ಇರುತ್ತದೆ, ಇನ್ನೂರು ಅಂಕಿಗಳಲ್ಲಿ ಒಂದು ತಪ್ಪಿರಬಹುದು, ಕಣ್ಣು ಅದರ ಮೇಲೆ ಹಾದುಹೋಗಿರುತ್ತದೆ. ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಎರಡನೆಯ ಮಹಾಯುದ್ಧದ ಕಾಲದಲ್ಲಿ, ರೇಡಾರ್ ಮುಂದೆ ಕುಳಿತವರು ಶತ್ರುವಿನ ಗುರುತನ್ನು ಯಾಕೆ ತಪ್ಪಿಸಿಕೊಳ್ಳುತ್ತಾರೆ ಎಂದು ತಿಳಿಯಲು ಒಂದು ಗಡಿಯಾರ ಮಾಡಿಸಿದ್ದರು. ಅಂಕಿಗಳಿಲ್ಲದ ಬಿಳಿ ಮುಖದ ಮೇಲೆ ಒಂದೇ ಮುಳ್ಳು ಹೆಜ್ಜೆ ಹೆಜ್ಜೆಯಾಗಿ ಕುಪ್ಪಳಿಸುತ್ತದೆ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತದೆ. ಅದನ್ನು ಕಂಡೊಡನೆ ಗುಂಡಿ ಒತ್ತಬೇಕು. ಎರಡು ತಾಸಿನ ಪರೀಕ್ಷೆ. ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆ ಜನ ತಪ್ಪಿಸಿಕೊಳ್ಳುವುದು ಹೆಚ್ಚಾಯಿತು. 1948ರಲ್ಲಿ ಇದು ಪ್ರಕಟವಾಯಿತು. ಮಗಳು ಇದನ್ನು ಹೇಳಿದಾಗ ನನಗೆ ಬೆನ್ನ ಮೇಲೆ ಯಾರೋ ತಟ್ಟಿದಂತಾಯಿತು. ನಾನು ತಾಳೆ ನೋಡುತ್ತಿದ್ದುದು ಒಂದೇ ಪಟ್ಟಿಗೆ ಒಂದೂವರೆ ತಾಸು, ಅದೂ ಊಟವಾದ ಮೇಲೆ. ಈಗ ಬೆಳಿಗ್ಗೆ, 25 ನಿಮಿಷ, ಎದ್ದು ಅಂಗಳ ನೋಡಿ ಬಂದು ಮತ್ತೆ 25. ಮೇ ತಿಂಗಳಲ್ಲಿ ‘3 ಎಕರೆ 16 ಸೆಂಟ್ಸ್’ ಎಂಬುದು 61 ಆಗಿದ್ದನ್ನು ಎರಡನೆಯ ಸುತ್ತಿನ ಮೂರನೆಯ ನಿಮಿಷಕ್ಕೆ ಹಿಡಿದೆ.

ಇನ್ನು ದೋಷಗಳಿಗೆ ಬರೋಣ, ಅವು ಸಾಕಷ್ಟಿವೆ.

ಮೊದಲನೆಯದು ಸದ್ದು. ಟಿಕ್ ಟಿಕ್ ಎನ್ನುವುದು ಕಡಿಮೆ ಮಾತಾಯಿತು. ಮರದ ಮೇಜಿನ ಮೇಲಿಟ್ಟರೆ ಮರಕುಟಿಗ ಕುಳಿತಂತೆ. ಮೊದಲ ಎರಡು ದಿನ ಅನುವಾದ ಬಿಟ್ಟು ಟಿಕ್ಕುಗಳನ್ನೇ ಎಣಿಸುತ್ತಿದ್ದೆ. ನಾಲ್ಕು ಮಡಿಕೆ ಮಾಡಿದ ತಟ್ಟೆ ಒರೆಸುವ ಬಟ್ಟೆಯ ಮೇಲಿಟ್ಟ ಮೇಲೆ ತಹಬಂದಿಗೆ ಬಂತು. ಅಯಸ್ಕಾಂತ ಇದೆಯಲ್ಲ ಎಂದು ಕಬ್ಬಿಣದ ಬೀರುವಿಗೆ ಅಂಟಿಸಲು ಹೋಗಬೇಡಿ, ಇಡೀ ಬೀರುವೇ ಟಿಕ್ಕೆನ್ನುತ್ತದೆ. ಸದ್ದು ಸಹಿಸದವರು ಇದನ್ನು ಕೊಳ್ಳಲೇಬಾರದು.

ಎರಡನೆಯದು ಇದಕ್ಕೆ ತದ್ವಿರುದ್ಧ. ಜೂನ್ ಕೊನೆಗೆ ಮಳೆ ಹಿಡಿಯಿತು. ನಾನು ಕೂರುವ ಹಿಂದಿನ ಕೋಣೆಗೆ ತಗಡಿನ ಮಾಡು. ಅದರ ಮೇಲೆ ಕಕ್ಕಡದ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಿನ, ಮಳೆ ಬಿದ್ದರೆ ಎದುರಿಗೆ ಕುಳಿತವರ ಮಾತೂ ಕೇಳಿಸುವುದಿಲ್ಲ. ಟಿಕ್ಕೂ ಇಲ್ಲ, ಗಂಟೆಯೂ ಇಲ್ಲ. ಒಂದು ದಿನ ಎದ್ದಾಗ ಮಧ್ಯಾಹ್ನ ಎರಡೂವರೆ. ಟೈಮರ್ ಯಾವಾಗಲೋ ಬಾರಿಸಿ ಸುಮ್ಮನಾಗಿತ್ತು, ಅತ್ತೆ ಊಟ ಮುಗಿಸಿ ಮಲಗಿದ್ದರು. (ಕೆಲಸ ಮಾತ್ರ ಬಹಳ ಚೆನ್ನಾಗಿ ಆಗಿತ್ತು. ಎಡೆಬಿಡದೆ ಸುರಿಯುವ ಮಳೆಯ ಸದ್ದಿಗೆ ಮಾತಿಲ್ಲ, ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಅದಕ್ಕೆ ಮನಸ್ಸು ಬೇಗ ಒಗ್ಗಿಕೊಳ್ಳುತ್ತದೆ. ಪಕ್ಕದ ಮನೆಯ ಟಿವಿ ಎಷ್ಟು ಮೆಲ್ಲಗಿದ್ದರೂ ಒಗ್ಗುವುದಿಲ್ಲ.) ಇದಕ್ಕೆ ನಾನು ಕಂಡುಕೊಂಡ ಉಪಾಯ: ಖಾಲಿ ಬಿಸ್ಕತ್ತಿನ ತಗಡು ಡಬ್ಬದೊಳಗೆ ನಾಲ್ಕು ಗುಂಡಿಗಳನ್ನು ಹಾಕಿ ಟೈಮರನ್ನು ಅದರಲ್ಲಿ ಇಡುವುದು. ಬಾರಿಸುವಾಗ ಗುಂಡಿಗಳೆಲ್ಲ ಕುಣಿದು ಪಿಶಾಚಿ ಹೊಕ್ಕಂತೆ ಸದ್ದಾಗುತ್ತದೆ. ಡಬ್ಬವನ್ನು ಮೊಣಕೈಗೆ ತಾಗಿಸಿಟ್ಟುಕೊಂಡರೆ ಕೇಳದಿದ್ದರೂ ನಡುಕ ತಿಳಿಯುತ್ತದೆ. 340 ಕೊಟ್ಟು ತಂದ ವಸ್ತುವಿಗೆ ಇಂಥ ಚಾಕರಿ ಮಾಡಬೇಕೇ ಎಂದರೆ, ಹೌದು, ಜುಲೈ ಮತ್ತು ಆಗಸ್ಟ್‌ನಲ್ಲಿ ಮಾಡಬೇಕು.

ಮೂರನೆಯದು ನಿಖರತೆ. ಕೈಗಡಿಯಾರ ಇಟ್ಟು ನೋಡಿದ್ದೇನೆ. ಮೇ ತಿಂಗಳಲ್ಲಿ ಇದರ 50 ನಿಮಿಷ ಎಂದರೆ ಐವತ್ತೊಂದೂವರೆ. ಜುಲೈಯ ಥಂಡಿಯಲ್ಲಿ ಐವತ್ತಮೂರು. ನನಗೆ ಲಾಭವೇ. ಮೊಟ್ಟೆ ಬೇಯಿಸುವವರು ಯೋಚಿಸಿ ಕೊಳ್ಳಿ.

ನಾಲ್ಕನೆಯದು ಬಾಳಿಕೆ. ಮೊದಲು ತಂದದ್ದು ಮೂರೇ ವಾರಕ್ಕೆ 20ರ ಹತ್ತಿರ ಬಂದು ನಿಲ್ಲತೊಡಗಿತು. ರಸೀದಿ ಇರಲಿಲ್ಲ. ಅಂಗಡಿಯ ಯಜಮಾನರು ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ‘ಇದಕ್ಕೆಲ್ಲ ಗ್ಯಾರಂಟಿ ಇಲ್ಲಮ್ಮ’ ಎಂದರು. ಮತ್ತೆ ತಾವೇ ಒಳಗಿನಿಂದ ಇನ್ನೊಂದು ತೆಗೆಸಿ, ಪೂರ್ತಿ ಕೀಲಿ ಕೊಟ್ಟು, ಸೊನ್ನೆಗೆ ಬರುವ ತನಕ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಅದು ಬಾರಿಸಿದ ಮೇಲೆಯೇ ಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ. ಸಂತೆಯ ದಿನ, ಅಷ್ಟು ಗಿರಾಕಿಗಳ ನಡುವೆ! ಕೆಟ್ಟದ್ದನ್ನು ವಾಪಸು ಕೇಳದ ಕಾರಣ ಮನೆಗೆ ತಂದು ಬಿಚ್ಚಿದೆ. ಸುರುಳಿ ಸ್ಪ್ರಿಂಗ್, ನಾಲ್ಕು ಹಲ್ಲುಗಾಲಿ, ಅತ್ತಿತ್ತ ಹೊಯ್ದಾಡಿ ಸ್ಪ್ರಿಂಗಿನ ಬಿಗಿಯನ್ನು ಒಂದೊಂದೇ ಹಲ್ಲಿನಷ್ಟು ಬಿಡುವ ಒಂದು ಪುಟ್ಟ ತುಂಡು, ತಟ್ಟೆಗೆ ಬಡಿಯುವ ಸುತ್ತಿಗೆ. ಒಂದು ಹಲ್ಲುಗಾಲಿ ಪ್ಲಾಸ್ಟಿಕ್ಕಿನದು, ಅದರ ಎರಡು ಹಲ್ಲು ಸವೆದಿತ್ತು. ಎರಡನೆಯದು ಐದು ತಿಂಗಳಿನಿಂದ ನಡೆಯುತ್ತಿದೆ, ಗಂಟೆಯ ತಟ್ಟೆಗೆ ಮಾತ್ರ ತುಕ್ಕಿನ ಚುಕ್ಕೆ ಬಂದಿದೆ.

ಇಷ್ಟೆಲ್ಲ ದೋಷವಿದ್ದೂ ಇದನ್ನು ಬಿಡದಿರುವುದಕ್ಕೆ ಕಾರಣ ನಾನು ಕೊಳ್ಳುವಾಗ ಎಣಿಸಿಯೇ ಇರದ ಒಂದು ಗುಣ. ಮನೆಯಲ್ಲಿ ಕೆಲಸ ಮಾಡುವ ಹೆಂಗಸು ಕೆಲಸ ಮಾಡುತ್ತಿದ್ದಾಳೆ ಎಂದು ಇತರರಿಗೆ ಕಾಣಿಸುವುದೇ ಇಲ್ಲ. ಕಾಗದದ ಮುಂದೆ ಕಣ್ಣು ಮುಚ್ಚಿ ವಾಕ್ಯ ಹೊತ್ತು ಕುಳಿತಿದ್ದರೆ ತೂಕಡಿಸುತ್ತಿದ್ದೇನೆ ಎನ್ನುತ್ತಾರೆ. ಮೊಬೈಲ್‌ನಲ್ಲಿ ಟೈಮರ್ ಇಟ್ಟುಕೊಂಡರೆ ಮೊಬೈಲ್ ನೋಡುತ್ತಿದ್ದೇನೆ ಎಂದೇ ಲೆಕ್ಕ. ಬಾಗಿಲು ಹಾಕಿಕೊಂಡರೆ ಮುನಿಸು. ಈ ಬಿಳಿ ಡಬ್ಬಿಯ ಮುಖ ಮಾತ್ರ ಬಾಗಿಲಿನಿಂದಲೇ ಕಾಣುತ್ತದೆ. ಅತ್ತೆಗೆ ಎಂಬತ್ತೊಂದು. ಮೊದಲ ಸಲ ಅದು ಬಾರಿಸಿದಾಗ, ‘ಒಲೆಯ ಮೇಲೆ ಏನಿಟ್ಟಿದ್ದೀಯಮ್ಮ?’ ಎಂದು ಅಡುಗೆಮನೆಗೆ ಓಡಿದ್ದರು. ತಿಂಗಳಾಗುವಷ್ಟರಲ್ಲಿ ಬಾಗಿಲಲ್ಲಿ ನಿಂತು, ಅಂಕಿ ನೋಡಿ, ಏನೂ ಹೇಳದೆ ಹಿಂತಿರುಗುವುದನ್ನು ಕಲಿತರು. ಆಗಸ್ಟ್ ಮೊದಲ ವಾರ, ಕಕ್ಕಡ ಹದಿನೆಂಟರ ದಿನ, ಪಕ್ಕದ ತೋಟದ ಮನೆಯವರು ಮದ್ದುಸೊಪ್ಪಿನ ಪಾಯಸ ತಂದರು. ನಾನು ಒಂದು ಅಡಮಾನ ಪತ್ರದ ನಡುವೆ ಮುಳುಗಿದ್ದೆ. ಹೊರಗೆ ಅತ್ತೆಯ ದನಿ ಕೇಳಿಸಿತು: ‘ಅವಳಿಗೆ ಇನ್ನು ಹನ್ನೆರಡು ಉಂಟು. ನೀನು ಕೂರು, ಕಾಫಿ ಕುಡಿ.’ ಹನ್ನೆರಡು ನಿಮಿಷ ಕಳೆದು ಹೊರಬಂದಾಗ ನೇರಳೆ ಬಣ್ಣದ ಪಾಯಸ ಇನ್ನೂ ಬೆಚ್ಚಗಿತ್ತು, ಪತ್ರದ ವಾಕ್ಯ ಪೂರ್ಣವಿರಾಮ ಮುಟ್ಟಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನನ್ನ ಕೆಲಸಕ್ಕೆ ಈ ಮನೆಯಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು ಎಂದರೆ ಅತಿಶಯವಲ್ಲ.

ಬೇರೆ ಬಗೆಯವನ್ನೂ ಪ್ರಯತ್ನಿಸಿದ್ದೇನೆ. ಅಂಕಿ ಮಿನುಗುವ ಬ್ಯಾಟರಿ ಟೈಮರ್ ಸದ್ದಿಲ್ಲದ್ದು, ನಿಖರ, ಇದಕ್ಕಿಂತ ಅಗ್ಗ. ಆದರೆ ಸೆಕೆಂಡುಗಳು ಓಡುವುದು ಕಣ್ಣಿನ ಅಂಚಿಗೆ ಬೀಳುತ್ತಲೇ ಇರುತ್ತದೆ, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರ ಹಾಗೆ. ಮೊಬೈಲ್ ಆ್ಯಪ್‌ಗಳಲ್ಲಿ ನೀವು ಫೋನ್ ಮುಟ್ಟದಿದ್ದರೆ ಗಿಡ ಬೆಳೆಯುವುದು ಒಂದಿದೆ. ಗಿಡ ಎಷ್ಟು ಬೆಳೆಯಿತು ಎಂದು ನೋಡಲು ಫೋನ್ ಮುಟ್ಟಿದೆ. ಮರಳು ಗಡಿಯಾರ ಚೆಂದ, ಬಾರಿಸುವುದಿಲ್ಲ, ಹಾಗಾಗಿ ಮುಗಿಯಿತೇ ಎಂದು ಅದನ್ನೇ ನೋಡುತ್ತಾ ಕೂರಬೇಕು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಗಂಟೆ ಬಾರಿಸಿದ ಕೂಡಲೇ ಎದ್ದು ಹೋಗಬೇಡಿ. ಕೆಲಸ ಅರ್ಧದಲ್ಲಿದ್ದರೆ ಮನಸ್ಸಿನ ಒಂದು ತುಂಡು ಅಲ್ಲಿಯೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ ಎಂಬವರು 2009ರಲ್ಲಿ ಬರೆದಿದ್ದಾರಂತೆ, ಗಮನದ ಉಳಿಕೆ ಎಂದು ಅದಕ್ಕೆ ಹೆಸರು. ನಾನು ಅಂಚಿನಲ್ಲಿ ಪೆನ್ಸಿಲ್‌ನಿಂದ ಮುಂದಿನ ಮೂರು ಪದಗಳನ್ನು ಬರೆದಿಟ್ಟು ಏಳುತ್ತೇನೆ: ‘ಮರ ಹೊರತು, ನೀರು, ಕೊಟ್ಟಿದ್ದಾನೆ’. ವಾಪಸು ಬಂದಾಗ ಕೊಡ ಅರ್ಧ ತುಂಬಿಯೇ ಇರುತ್ತದೆ. ಬಿಡುವಿನಲ್ಲಿ ಬೆಲ್ಲದ ಕಾಫಿ. ನಮ್ಮದು ರೊಬಸ್ಟಾ, ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ, ಆದ್ದರಿಂದ ಮೂರು ಗಂಟೆಯ ನಂತರ ಕುಡಿಯುವುದಿಲ್ಲ. ನಿದ್ದೆಗೆಟ್ಟ ಮಾರನೆಯ ದಿನ ಯಾವ ಟೈಮರೂ ಕೆಲಸಕ್ಕೆ ಬಾರದು. ಅದನ್ನೂ ಪರೀಕ್ಷಿಸಿ ನೋಡಿದ್ದೇನೆ.

ಕೊಳ್ಳಬಹುದೇ ಎಂದರೆ, 340ಕ್ಕೆ ಕೊಳ್ಳಬಹುದು. 400ರ ಮೇಲೆ ಬೇಡ. ಅಂಗಡಿಯಲ್ಲಿಯೇ ಒಂದು ಸುತ್ತು ಪೂರ್ತಿ ಓಡಿಸಿ, ಬಾರಿಸಿದ ಮೇಲೆ ಹಣ ಕೊಡಿ. ನನ್ನದು ಈಗ ಮೇಜಿನ ಮೇಲೆ ಇಲ್ಲ. ಹದಿನೈದು ದಿನದಿಂದ ಬೆಳಗಾದರೆ ಅಡುಗೆಮನೆಯಲ್ಲಿ, ಕಡುಬಿನ ಪಾತ್ರೆಯ ಪಕ್ಕದಲ್ಲಿ ಇರುತ್ತದೆ. ಕೇಳಿದರೆ ಅತ್ತೆ, ‘ಇನ್ನೂ ಎಂಟು ಉಂಟು, ಆಮೇಲೆ ಕೊಡುತ್ತೇನೆ’ ಎನ್ನುತ್ತಾರೆ. ಬರುವ ಬುಧವಾರ ಸಂತೆಗೆ ಹೋದಾಗ ಇನ್ನೊಂದು ತರಬೇಕು.